ಹೊನ್ನೆಯ ನೀರು ಮತ್ತು ಮಧುಮೇಹ

ಬೇಗೂರಿನಿಂದ ಗುಂಡ್ಲುಪೇಟೆಯನ್ನು ಹಾಯ್ದು ದಕ್ಷಿಣಾಭಿಮುಖವಾಗಿ ಸಾಗಿದರೆ ಬಂಡೀಪುರದ ಅರಣ್ಯ ಎದುರಾಗುತ್ತದೆ. ತೇಗ, ಮತ್ತಿ, ದಿಂಡಿಗಗಳೊಡನೆ ಅಲ್ಲಿ ಬೆಳೆಯುವ ವೃಕ್ಷಗಳಲ್ಲಿ ಹೊನ್ನೆಯೂ ಒಂದು. ತೊಗಟೆಯನ್ನು ಗೀರಿದರೆ ರಕ್ತವರ್ಣದ ಅಂಟನ್ನು ಒಸರುವ ಈ ಮರವನ್ನು ಸಂಸ್ಕೃತ ವೈದ್ಯಗ್ರಂಥಗಳು ಅಸನ, ಬೀಜಕ ಎಂದು ಕರೆದಿವೆ. ವಿಜಯಸಾರವೆಂಬುದೂ ಇದರ ಹೆಸರೇ. ಇದರ ಚೇಗಿನಿಂದ ಕಡೆದ ಲೋಟದಲ್ಲಿ ರಾತ್ರಿ ನೀರು ತುಂಬಿಟ್ಟು, ಕಂದುಬಣ್ಣಕ್ಕೆ ತಿರುಗಿದ ಆ ನೀರನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ಕುಡಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುವುದೆಂಬ ನಂಬಿಕೆ ನಮ್ಮ ಜನರಲ್ಲಿ ಬೇರೂರಿದೆ. ಈ ನಂಬಿಕೆಗೆ ಆಧಾರವೆಷ್ಟು, ಅದರ ಮಿತಿಯೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಇದು ನಿರಾಧಾರವಾದ ನಂಬಿಕೆಯಲ್ಲ. ಪ್ರಾಚೀನ ವೈದ್ಯರು ಪ್ರಮೇಹವನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸಿ, ಮಧುಮೇಹವನ್ನು ಅವುಗಳಲ್ಲೊಂದಾಗಿ ಎಣಿಸಿದರು. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಅಸನದಿಂದಲೇ ಮೊದಲಾಗುವ ಔಷಧಗಣವೊಂದು ಪ್ರಮೇಹಕ್ಕೂ ಮೇದೋವೃದ್ಧಿಗೂ ವಿಹಿತವಾಗಿದೆ. ಆದರೆ ಆ ಆಚಾರ್ಯರು ರೋಗಿಯನ್ನು ಮರದ ತುಂಡೊಂದಕ್ಕೆ ಒಪ್ಪಿಸಿ ಸುಮ್ಮನಾದವರಲ್ಲ. ಜವೆಯ ಆಹಾರವನ್ನು ವಿಧಿಸಿದರು, ವ್ಯಾಯಾಮವನ್ನು ಹೇಳಿದರು, ಸುಶ್ರುತನಂತೂ ರೋಗಿಯು ಯೋಜನಗಟ್ಟಲೆ ನಡೆಯಬೇಕೆಂದನು. ಮಧುಮೇಹವು ಸುಲಭವಾಗಿ ವಾಸಿಯಾಗುವ ವ್ಯಾಧಿಯೆಂದು ಅವರು ಎಲ್ಲಿಯೂ ಭರವಸೆ ನೀಡಲಿಲ್ಲ.

ಆಧುನಿಕ ಕಾಲದಲ್ಲಿಯೂ ಹೊನ್ನೆಯ ಪರೀಕ್ಷೆ ನಡೆದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ನಾಲ್ಕು ಕೇಂದ್ರಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ರೋಗ ಹೊಸದಾಗಿ ಪತ್ತೆಯಾಗಿದ್ದ ಅಥವಾ ಅದುವರೆಗೆ ಚಿಕಿತ್ಸೆ ಪಡೆಯದಿದ್ದ 97 ಮಂದಿಗೆ ದಿನಕ್ಕೆ 2ರಿಂದ 4 ಗ್ರಾಂ ಪ್ರಮಾಣದಲ್ಲಿ ವಿಜಯಸಾರದ ಸತ್ತ್ವವನ್ನು ಕೊಡಲಾಯಿತು. 12 ವಾರಗಳಲ್ಲಿ 67 ಮಂದಿಯ ರಕ್ತದ ಸಕ್ಕರೆ ಹತೋಟಿಗೆ ಬಂದಿತು. ಬರಿಹೊಟ್ಟೆಯ ಸಕ್ಕರೆಯ ಸರಾಸರಿ ಆರಂಭದಲ್ಲಿ 151 ಇದ್ದದ್ದು 32ರಷ್ಟು, ಊಟದ ಅನಂತರದ್ದು 216 ಇದ್ದದ್ದು 45ರಷ್ಟು ಇಳಿಯಿತು. ಅಡ್ಡ ಪರಿಣಾಮಗಳು ಕಂಡುಬರಲಿಲ್ಲವೆಂದೂ ವರದಿಯಾಯಿತು.

ಈ ಅಂಕಿಗಳು ಆಶಾದಾಯಕವೇ ಸರಿ. ಆದರೆ ಅವುಗಳನ್ನು ಪೂರ್ತಿಯಾಗಿ ಓದಬೇಕು. ಮೊದಲನೆಯದಾಗಿ, ಈ ರೋಗಿಗಳ ಆರಂಭದ ಸರಾಸರಿ ತೀರ ಏರಿದ್ದುದಲ್ಲ. ಊಟದ ಅನಂತರದ ಸಕ್ಕರೆ ಅತಿಯಾಗಿ ಏರಿದ ನಾಲ್ವರನ್ನು ಪ್ರಯೋಗದಿಂದ ಹೊರಗಿಡಬೇಕಾಯಿತು. ಎರಡನೆಯದಾಗಿ, ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಮಟ್ಟವನ್ನು ಸೂಚಿಸುವ ರಕ್ತಪರೀಕ್ಷೆಯ ಅಂಕಿ ಶೇಕಡ 9.8ರಿಂದ 9.4ಕ್ಕೆ ಮಾತ್ರ ಇಳಿಯಿತು. ಮೂರನೆಯದಾಗಿ, ಔಷಧವಿಲ್ಲದ ಇನ್ನೊಂದು ಗುಂಪನ್ನು ಜೊತೆಗಿಟ್ಟು ಹೋಲಿಸದೆ, ಇಳಿದದ್ದರಲ್ಲಿ ಹೊನ್ನೆಯ ಪಾಲೆಷ್ಟು, ಪಥ್ಯದ ಪಾಲೆಷ್ಟು ಎಂದು ನಿರ್ಣಯಿಸಲಾಗದು. ಎಲ್ಲಕ್ಕೂ ಮುಖ್ಯವಾದುದೆಂದರೆ, ಅಲ್ಲಿ ಪರೀಕ್ಷೆಗೊಳಗಾದದ್ದು ತೂಗಿ ಕೊಟ್ಟ ಸತ್ತ್ವವೇ ಹೊರತು ಲೋಟದ ನೀರಲ್ಲ. ಲೋಟದಿಂದ ನೀರಿಗೆ ಎಷ್ಟು ಸಾರ ಇಳಿಯಿತೆಂಬುದಕ್ಕೆ ಅಳತೆಯಿಲ್ಲ. ಬಳಸಿದಂತೆಲ್ಲ ಸಾರ ಕುಂದುತ್ತದೆ. ನೀರಿಗೆ ಬಣ್ಣ ಬಂದಿತೆಂದ ಮಾತ್ರಕ್ಕೆ ಅದು ಔಷಧವಾಗಲಿಲ್ಲ.

ಹೊನ್ನೆಯಲ್ಲಿರುವ ಎಪಿಕ್ಯಾಟೆಚಿನ್ ಎಂಬ ವಸ್ತುವು ಇನ್ಸುಲಿನ್ ಸ್ರವಿಸುವ ಜೀವಕೋಶಗಳನ್ನು ಇಲಿಗಳಲ್ಲಿ ಮರಳಿ ಬೆಳೆಸಿತೆಂದು 1980ರ ದಶಕದ ಆರಂಭದಲ್ಲಿ ನಮ್ಮ ದೇಶದ ಸಂಶೋಧಕರು ಪ್ರಕಟಿಸಿದ್ದರು. ಅನ್ಯರು ನಡೆಸಿದ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ. ಆದಕಾರಣ ಹೊನ್ನೆಯು ರೋಗವನ್ನು ಬುಡಸಮೇತ ಕೀಳುತ್ತದೆಂಬ ಮಾತಿಗೆ ಪ್ರಮಾಣವಿಲ್ಲ.

ಇನ್ನು ಸುರಕ್ಷತೆಯ ವಿಚಾರ. ಹನ್ನೆರಡು ವಾರ ಬಾಧೆ ಕಾಣಲಿಲ್ಲವೆಂಬುದು ಹನ್ನೆರಡು ವರ್ಷಕ್ಕೆ ಅಭಯಪತ್ರವಲ್ಲ. ಸಕ್ಕರೆಯನ್ನು ಇಳಿಸುವ ಮಾತ್ರೆಯ ಜೊತೆಗೆ ಅದನ್ನೇ ಇಳಿಸಬಲ್ಲ ಇನ್ನೊಂದು ವಸ್ತು ಸೇರಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ತಲೆಸುತ್ತು, ಮತಿಭ್ರಮೆ ಅದರ ಲಕ್ಷಣಗಳು. ಎಚ್ಚರವಿರುವ ರೋಗಿಗೆ ಒಡನೆಯೇ ಸಕ್ಕರೆ ಅಥವಾ ಬೆಲ್ಲ ತಿನ್ನಿಸಬೇಕು. ಗರ್ಭಿಣಿಯರೂ ಮೂತ್ರಪಿಂಡದ ತೊಂದರೆಯುಳ್ಳವರೂ ವೈದ್ಯರನ್ನು ಕೇಳದೆ ಇದನ್ನು ಸೇವಿಸಬಾರದು.

ಆದರೆ ನೀರು ಮಾಡುವ ಕೇಡಿಗಿಂತ, ನೀರನ್ನು ನಂಬಿ ಬಿಟ್ಟ ಔಷಧದ ಕೇಡು ದೊಡ್ಡದು. ಎಳೆಯ ಮಕ್ಕಳಲ್ಲಿ ಕಾಣಿಸುವ ಮಧುಮೇಹದಲ್ಲಿ ದೇಹವು ಇನ್ಸುಲಿನ್ನನ್ನು ಉತ್ಪಾದಿಸುವುದೇ ನಿಂತುಹೋಗುತ್ತದೆ. 1922ರಲ್ಲಿ ಟೊರೊಂಟೊ ನಗರದ ಬಾಲಕನೊಬ್ಬನಿಗೆ ಇನ್ಸುಲಿನ್ ಚುಚ್ಚುವವರೆಗೂ ಇಂತಹ ಮಕ್ಕಳು ಬದುಕಿ ಉಳಿಯುತ್ತಿರಲಿಲ್ಲ. ಅಂಥ ಮಗುವಿಗೆ ಇನ್ಸುಲಿನ್ ನಿಲ್ಲಿಸಿ ಹೊನ್ನೆಯ ನೀರು ಕುಡಿಸುವುದೆಂದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಎರವಾಗುವುದು. ವಯಸ್ಕರಲ್ಲಿ ಹಾನಿ ನಿಧಾನ, ನಿಶ್ಶಬ್ದ: ನೋವೇ ಇಲ್ಲದೆ ಕಣ್ಣು, ಮೂತ್ರಪಿಂಡ, ಪಾದದ ನರಗಳು ಕೆಡುತ್ತವೆ.

ಹೊನ್ನೆಯಲ್ಲಿ ಗುಣವಿದೆ, ಆದರೆ ಅದು ಎಲ್ಲ ಮಧುಮೇಹಕ್ಕೂ ಒದಗುವ ಗುಣವಲ್ಲ. ಲೋಟದ ನೀರನ್ನು ಕುಡಿಯಬಯಸುವವರು ವೈದ್ಯರಿಗೆ ತಿಳಿಸಿ ಕುಡಿಯಲಿ. ನಡೆಯುತ್ತಿರುವ ಚಿಕಿತ್ಸೆಯನ್ನು ತಾವಾಗಿ ಬಿಡದಿರಲಿ. ಆಗಾಗ್ಗೆ ರಕ್ತವನ್ನು ಪರೀಕ್ಷಿಸಿಕೊಳ್ಳಲಿ. ಹೊನ್ನಿಗೆ ಒರೆಗಲ್ಲು ಹೇಗೋ ಹೊನ್ನೆಗೆ ರಕ್ತಪರೀಕ್ಷೆ ಹಾಗೆ. ಅಲ್ಲಿ ಸಕ್ಕರೆ ಇಳಿಯದಿದ್ದರೆ, ನೀರಿನ ಬಣ್ಣ ಎಷ್ಟೇ ಗಾಢವಾಗಿರಲಿ, ಅದನ್ನು ನೆಚ್ಚಿ ಕಾಲಹರಣ ಮಾಡುವುದು ವಿವೇಕವಲ್ಲ.