‘ಡಿ’ ಡ್ರೈವ್ ಹೋದದ್ದೆಲ್ಲಿಗೆ? ಬ್ಯಾಕಪ್‌ನಿಂದ ಮರಳಿ ಬಂದ ಶಾಸನ ಚಿತ್ರಗಳು

ಈ ಸಲ ಶಾಸನದ ಪಾಠ ಹಾಕುತ್ತಿಲ್ಲ. ಹಾಕಬೇಕಿದ್ದ ಪಾಠ ಹೆಚ್ಚುಕಮ್ಮಿ ಕೈತಪ್ಪಿಯೇ ಹೋಗಿತ್ತು. ಹೇಗೆ ಹೋಯಿತು, ಹೇಗೆ ಬಂತು ಅನ್ನುವುದನ್ನೇ ಬರೆಯುತ್ತಿದ್ದೇನೆ. ನಮ್ಮಲ್ಲಿ ಬಹಳ ಜನರ ಹತ್ತಿರ ಸಾವಿರಾರು ಶಾಸನ ಚಿತ್ರಗಳು ಮನೆಯ ಒಂದು ಕಂಪ್ಯೂಟರಿನಲ್ಲಿ, ಒಂದು ಎಕ್ಸೆಲ್ ಪಟ್ಟಿಯ ಆಸರೆಯಲ್ಲಿ ಇವೆ. ಹಾಗಾಗಿ ಇದು ನನ್ನೊಬ್ಬನ ತೊಂದರೆ ಅಲ್ಲ ಅಂದುಕೊಂಡಿದ್ದೇನೆ.

ಭಾಲ್ಕಿ ತಾಲ್ಲೂಕಿನ ಸಾಯಗಾಂವ ಕಡೆ ಒಂದು ಹಳ್ಳಿ. ಗುಡಿಯ ಮುಂದೆ ಅರ್ಧ ಹೂತ ಒಂದು ತ್ರುಟಿತ ಶಾಸನವಿತ್ತು. ಕೆಲವು ವರ್ಷಗಳ ಹಿಂದೆ ಸಂಜೆಯ ಓರೆ ಬಿಸಿಲು ಬೀಳುವ ಹೊತ್ತಿಗೆ ಕಾದು ಕೂತು, ಬುಡದ ಮಣ್ಣು ಸರಿಸಿ, 43 ಚಿತ್ರ ತೆಗೆದಿದ್ದೆ. ಮತ್ತೆ ಹೋದಾಗ ಗುಡಿಯ ಜೀರ್ಣೋದ್ಧಾರ ಆಗಿತ್ತು. ಕಲ್ಲಿನ ಕೆಳಗಿನ ಭಾಗ ಸಿಮೆಂಟಿನಲ್ಲಿ ಮುಚ್ಚಿಹೋಗಿತ್ತು, ಮೇಲಿನ ಭಾಗಕ್ಕೆ ಎಣ್ಣೆಬಣ್ಣ ಬಿದ್ದಿತ್ತು. ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ ಹಿರಿಯರು, ‘ಬಣ್ಣ ಹಚ್ಚೀವ್ರಿ ಸರ್, ಈಗ ಛಂದ ಕಾಣ್ತದ್ ನೋಡ್ರಿ’ ಅಂದರು. ಅವರ ಪ್ರೀತಿಗೆ ಏನು ಹೇಳೋದು? ಕೆಳಗಿನ ನಾಲ್ಕು ಸಾಲಿಗೆ ಇನ್ನು ನನ್ನ ಚಿತ್ರಗಳೇ ಆಧಾರ ಅಂತ ಅಂದೇ ಗೊತ್ತಾಯಿತು.

ಆಮೇಲೆ ನನ್ನ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸತ್ತಿತು. ಹೊರಗಿನ ಯುಎಸ್‌ಬಿ ಡಿಸ್ಕಿನಲ್ಲಿ ಪೂರ್ತಿ ಬ್ಯಾಕಪ್ ಇತ್ತು. ಆದ್ದರಿಂದ ಗಾಬರಿ ಆಗಲಿಲ್ಲ. ಆಗಬೇಕಿತ್ತು.

ಮೊದಲ ಅಪಾಯ: ಬೇರೆ ಮನೆ, ಬೇರೆ ನಂಬರು

ಹೊಸ ಡಿಸ್ಕ್ ಹಾಕಿದೆ. ಪೆನ್‌ಡ್ರೈವಿನಿಂದ ರಿಕವರಿ ವ್ಯವಸ್ಥೆ ಶುರು ಮಾಡಿದೆ. ಪರದೆಯ ಮೇಲೆ ‘ಸಿ’ ಅಂತ ಒಂದು ಭಾಗ ಕಂಡಿತು. ‘ಸಿ’ ಅಂದರೆ ಕಂಪ್ಯೂಟರಿನ ಒಳಗಿನ ಡಿಸ್ಕ್, ಅಂದರೆ ಈಗ ಹಾಕಿದ ಹೊಸದು ಅಂತ ತಿಳಿದು, ಮೊದಲು ಅದನ್ನು ಫಾರ್ಮ್ಯಾಟ್ ಮಾಡಿಬಿಡೋಣ ಅಂತ ಹೊರಟೆ. ಒತ್ತುವ ಮುಂಚೆ ಗಾತ್ರ ನೋಡಿದೆ. ಹೊಸ ಡಿಸ್ಕ್ 1 ಟಿಬಿ. ಪರದೆಯಲ್ಲಿದ್ದ ‘ಸಿ’ ಸುಮಾರು 2 ಟಿಬಿ. ಹೆಸರಿನ ಜಾಗದಲ್ಲಿ ‘ಶಾಸನ-ಬ್ಯಾಕಪ್’ ಅಂತ ನಾನೇ ಕೊಟ್ಟಿದ್ದ ಲೇಬಲ್. ಅದು ನನ್ನ ಬ್ಯಾಕಪ್ ಡಿಸ್ಕ್! ಒಂದು ಗುಂಡಿ ಒತ್ತಿದ್ದರೆ ಆ ನಾಲ್ಕು ಸಾಲು ಎರಡನೇ ಸಲ ಮುಚ್ಚಿಹೋಗುತ್ತಿದ್ದವು.

ಹೀಗೇಕೆ ಆಗುತ್ತದೆ? ಡ್ರೈವ್ ಅಕ್ಷರ ಡಿಸ್ಕಿನ ಮೇಲೆ ಎಲ್ಲೂ ಕೊರೆದಿರುವುದಿಲ್ಲ. ಆ ಹೊತ್ತಿಗೆ ನಡೆಯುತ್ತಿರುವ ವಿಂಡೋಸ್ ಅದನ್ನು ಹಂಚುತ್ತದೆ. ರಿಕವರಿ ವ್ಯವಸ್ಥೆಯೂ ಒಂದು ಪುಟ್ಟ ವಿಂಡೋಸೇ. ಅದು ಮೆಮೊರಿಯಲ್ಲಿ ಕೂತು ತನಗೆ ‘ಎಕ್ಸ್’ ಅನ್ನುವ ಅಕ್ಷರ ಇಟ್ಟುಕೊಂಡು, ಕಣ್ಣಿಗೆ ಬಿದ್ದ ಭಾಗಗಳಿಗೆ ‘ಸಿ’ಯಿಂದ ಶುರುಮಾಡಿ ಹೊಸದಾಗಿ ಅಕ್ಷರ ಕೊಡುತ್ತದೆ. ಹೊಸ ಡಿಸ್ಕ್ ಖಾಲಿ, ಅದರಲ್ಲಿ ಭಾಗಗಳೇ ಇಲ್ಲ. ಹಾಗಾಗಿ ಬ್ಯಾಕಪ್ ಡಿಸ್ಕಿಗೇ ‘ಸಿ’ ಸಿಕ್ಕಿತು. ದಿನವೂ ನೋಡುವ ವಿಂಡೋಸಿನ ಹಂಚಿಕೆಗೂ ಇದಕ್ಕೂ ಸಂಬಂಧ ಇಲ್ಲ.

‘ಸಿ’ ಅಂದರೆ ಒಳಗಿನ ಡಿಸ್ಕ್ ಅನ್ನುವ ನನ್ನ ನಂಬಿಕೆ ಹಳೇ ಕಾಲದ್ದು. 1981ರಲ್ಲಿ ಬಂದ ಎಂಎಸ್-ಡಾಸ್, ಅದಕ್ಕೂ ಮುಂಚಿನ ಸಿಪಿ/ಎಂ ವ್ಯವಸ್ಥೆಯಿಂದ ಈ ಅಕ್ಷರದ ಪದ್ಧತಿಯನ್ನು ತೆಗೆದುಕೊಂಡಿತು. ‘ಎ’, ‘ಬಿ’ ಎರಡೂ ಫ್ಲಾಪಿಗೆ ಮೀಸಲಾದವು, ಹಾರ್ಡ್ ಡಿಸ್ಕಿಗೆ ‘ಸಿ’ ಬಂತು. ಫ್ಲಾಪಿ ಹೋಗಿ ಎಷ್ಟೋ ವರ್ಷವಾಯಿತು, ಲೆಕ್ಕ ಮಾತ್ರ ಇವತ್ತಿಗೂ ‘ಸಿ’ಯಿಂದಲೇ.

ರಿಕವರಿಯಲ್ಲಿ ಕೂತಾಗ ಅಕ್ಷರ ನೋಡಬೇಡಿ. ‘ಡಿಸ್ಕ್‌ಪಾರ್ಟ್’ ತೆರೆದು ‘ಲಿಸ್ಟ್ ಡಿಸ್ಕ್’, ‘ಲಿಸ್ಟ್ ವಾಲ್ಯೂಮ್’ ಎರಡನ್ನೂ ಓದಿ, ಗಾತ್ರ ಮತ್ತು ಲೇಬಲ್‌ನಿಂದ ಗುರುತಿಸಿ. ಇವೆರಡೂ ಪಟ್ಟಿ ತೋರಿಸುವ ಆದೇಶಗಳಷ್ಟೇ, ಏನನ್ನೂ ಅಳಿಸುವುದಿಲ್ಲ.

ಎರಡನೇ ತೊಂದರೆ: ಎಲ್ಲ ಇದೆ, ಏನೂ ತೆರೆಯುತ್ತಿಲ್ಲ

ರಿಸ್ಟೋರ್ ಮುಗಿದು ವಿಂಡೋಸ್ ತೆರೆಯಿತು. ಡೆಸ್ಕ್‌ಟಾಪಿನ ಮೇಲಿದ್ದ ಎಕ್ಸೆಲ್ ಪಟ್ಟಿಯೂ ತೆರೆಯಿತು. ಅದರಲ್ಲಿ ಒಂದೊಂದು ಶಾಸನದ ಮುಂದೆಯೂ ಚಿತ್ರದ ಕೊಂಡಿ ಕೊಟ್ಟಿದ್ದೆ. ಸಾಯಗಾಂವದ ಸಾಲು ಒತ್ತಿದರೆ ‘ಫೈಲ್ ಸಿಗುತ್ತಿಲ್ಲ’ ಅಂತ ಬಂತು. ಮುಂದಿನದೂ ಹಾಗೆ, ಅದರ ಮುಂದಿನದೂ ಹಾಗೆ.

ಚಿತ್ರಗಳೆಲ್ಲ ಇದ್ದವು. ಮೊದಲು ‘ಡಿ’ ಆಗಿದ್ದ ಭಾಗ ಈಗ ‘ಎಫ್’ ಆಗಿತ್ತು, ಅಷ್ಟೇ. ‘ಡಿ’ ಅನ್ನುವ ಅಕ್ಷರ ಪೆಟ್ಟಿಗೆಯ ಮುಂದಿನ ಕಾರ್ಡ್ ರೀಡರ್ ಪಾಲಾಗಿತ್ತು.

ಇದರ ಒಳಗಿನ ಲೆಕ್ಕ ಹೀಗಿದೆ. ಯಾವ ಭಾಗಕ್ಕೆ ಯಾವ ಅಕ್ಷರ ಅನ್ನುವುದನ್ನು ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ ‘ಮೌಂಟೆಡ್ ಡಿವೈಸಸ್’ ಎಂಬ ಖಾತೆಯಲ್ಲಿ ಬರೆದಿಡುತ್ತದೆ. ಹಳೆಯ ಎಂಬಿಆರ್ ಪದ್ಧತಿಯ ಡಿಸ್ಕಾದರೆ ಅಲ್ಲಿ ಬರೆಯುವುದು ಎರಡೇ ಸಂಗತಿ: ಡಿಸ್ಕಿನ ಮೊದಲ ಸೆಕ್ಟರಿನಲ್ಲಿರುವ 4 ಬೈಟಿನ ಸಹಿ, ಆ ಭಾಗ ಡಿಸ್ಕಿನ ಮೇಲೆ ಎಲ್ಲಿಂದ ಶುರುವಾಗುತ್ತದೆ ಅನ್ನುವ 8 ಬೈಟಿನ ಸಂಖ್ಯೆ. ಒಟ್ಟು 12 ಬೈಟು. ಹೊಸ ಜಿಪಿಟಿ ಪದ್ಧತಿಯಲ್ಲಾದರೆ ಪ್ರತಿ ಭಾಗಕ್ಕೂ ತನ್ನದೇ ಆದ 16 ಬೈಟಿನ ಗುರುತು ಇರುತ್ತದೆ, ಅದನ್ನು ಬರೆದುಕೊಳ್ಳುತ್ತದೆ.

ನನ್ನದು ಹಳೆಯ ಪದ್ಧತಿ. ಹೊಸ ಡಿಸ್ಕಿನ ಸಹಿ ಬೇರೆ. ಸಹಿ ಅದೇ ಇದ್ದಿದ್ದರೂ, ಡಿಸ್ಕ್ ದೊಡ್ಡದಾದ್ದರಿಂದ ‘ಸಿ’ ಭಾಗವನ್ನು ನಾನು ಹಿಗ್ಗಿಸಿದ್ದೆ. ಅದರ ಹಿಂದಿನ ಭಾಗದ ಆರಂಭದ ಜಾಗ ಮುಂದೆ ಸರಿದಿತ್ತು. ರಿಸ್ಟೋರ್ ಆಗಿ ಬಂದ ವಿಂಡೋಸ್ ತನ್ನ ಹಳೇ ಖಾತೆ ತೆಗೆದು ನೋಡಿತು. ‘ಡಿ’ ಎಂಬ ಹೆಸರಿನ ಮುಂದೆ ಬರೆದಿದ್ದ ಗುರುತಿನವನು ಎಲ್ಲೂ ಇಲ್ಲ. ಎದುರಿಗಿರುವವನು ಯಾರೋ ಹೊಸಬ. ಸರಿ, ಹೊಸಬನಿಗೆ ಹೊಸ ಅಕ್ಷರ. ವಿಂಡೋಸ್ ಇರುವ ‘ಸಿ’ ಭಾಗದ ದಾಖಲೆಯನ್ನು ರಿಸ್ಟೋರ್ ತಂತ್ರಾಂಶ ಸಾಮಾನ್ಯವಾಗಿ ತಾನೇ ತಿದ್ದುತ್ತದೆ, ಉಳಿದವಕ್ಕೆ ಆ ಕಾಳಜಿ ಇರಲೇಬೇಕೆಂದಿಲ್ಲ.

ಇದರ ತದ್ವಿರುದ್ಧವೂ ಉಂಟು. ಡಿಸ್ಕನ್ನು ಹಾಗೇ ಕ್ಲೋನ್ ಮಾಡಿದರೆ ಸಹಿಯೂ ನಕಲಾಗುತ್ತದೆ. ಎರಡನ್ನೂ ಒಟ್ಟಿಗೆ ಜೋಡಿಸಿದರೆ ಒಂದೇ ಸಹಿಯ ಇಬ್ಬರು ಕಂಡು, ವಿಂಡೋಸ್ ಒಂದನ್ನು ‘ಆಫ್‌ಲೈನ್’ ಮಾಡಿ ಮೂಲೆಗೆ ಕೂರಿಸುತ್ತದೆ. ಡಿಸ್ಕ್ ಕೆಟ್ಟಿದೆ ಅಂತ ಎಸೆಯಬೇಡಿ.

ಸರಿಪಡಿಸುವ ಕ್ರಮ

‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಬೇಕಾದ ಅಕ್ಷರ ಯಾರ ಹತ್ತಿರ ಇದೆಯೋ ನೋಡಿ, ಮೊದಲು ಅವರನ್ನು ಎಬ್ಬಿಸಿ. ನಾನು ಕಾರ್ಡ್ ರೀಡರಿಗೆ ‘ಆರ್’ ಕೊಟ್ಟೆ. ಆಮೇಲೆ ‘ಎಫ್’ ಭಾಗದ ಮೇಲೆ ಬಲಗುಂಡಿ ಒತ್ತಿ, ಅಕ್ಷರ ಬದಲಿಸುವ ಆಯ್ಕೆ ತೆಗೆದುಕೊಂಡು ‘ಡಿ’ ಕೊಟ್ಟೆ. ಎರಡು ನಿಮಿಷದ ಕೆಲಸ. ಇದರಿಂದ ಒಳಗಿನ ಫೈಲಿಗೆ ಏನೂ ಆಗುವುದಿಲ್ಲ. ಕೊಂಡಿಗಳೆಲ್ಲ ಮತ್ತೆ ತೆರೆದವು.

ಎರಡು ಎಚ್ಚರಿಕೆ. ವಿಂಡೋಸ್ ನಡೆಯುತ್ತಿರುವ ಭಾಗದ ಅಕ್ಷರವನ್ನು ಬದಲಿಸಲು ಹೋಗಬೇಡಿ. ‘ಡಿಸ್ಕನ್ನು ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು’ ಅಂತ ಕಿಟಕಿ ತೆರೆದರೆ, ಒಪ್ಪುವ ಮೊದಲು ಅದು ಯಾವ ಡಿಸ್ಕ್ ಅಂತ ಗಾತ್ರ ನೋಡಿ.

ಇದು ನಮಗೆ ಹೊಸ ರೋಗವಲ್ಲ

ಇಷ್ಟೆಲ್ಲ ಆದ ಮೇಲೆ ಪಟ್ಟಿ ನೋಡುತ್ತಾ ಕೂತಾಗ ಒಂದು ಹೊಳೆಯಿತು. ಶಾಸನ ಹುಡುಕಿಕೊಂಡು ಹೋಗುವ ನಾವು ಈ ಪೇಚಾಟವನ್ನು ಮೊದಲಿನಿಂದ ಅನುಭವಿಸಿದವರೇ.

ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ. ಬಿ. ದೇಸಾಯಿಯವರು ಸಂಪಾದಿಸಿದ ಸಂಪುಟ ಅಚ್ಚಾದದ್ದು 1958ರಲ್ಲಿ. ಅಷ್ಟು ಹೊತ್ತಿಗೆ ಹೈದರಾಬಾದ್ ರಾಜ್ಯವೇ ಇರಲಿಲ್ಲ, 1956ರಲ್ಲೇ ಹಂಚಿಹೋಗಿತ್ತು. ಹಳೇ ಬೀದರ ಜಿಲ್ಲೆಯ ಉದಗೀರ ಇಂದು ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿದೆ; ಆ ಜಿಲ್ಲೆ ಹುಟ್ಟಿದ್ದೇ 1982ರಲ್ಲಿ. ಜಹೀರಾಬಾದ್ ಮೊದಲು ಮೇದಕ್ ಜಿಲ್ಲೆಗೆ ಹೋಗಿ, 2016ರಿಂದ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ‘ಬೀದರ ಜಿಲ್ಲೆ’ ಅಂತ ಹಳೇ ವರದಿಯಲ್ಲಿ ಓದಿ ಈಗಿನ ಬೀದರ ಜಿಲ್ಲೆಯ ನಕಾಶೆಯಲ್ಲಿ ಹುಡುಕಿದರೆ ಕೆಲವು ಊರು ಸಿಗುವುದೇ ಇಲ್ಲ. ಕಲ್ಲು ಕದಲಿಲ್ಲ. ವಿಳಾಸ ಕದಲಿದೆ.

ದೂರ ಯಾಕೆ, ನನ್ನ ಫೋಲ್ಡರುಗಳೇ ಸಾಕು. ತಾಲ್ಲೂಕಿಗೊಂದರಂತೆ ಮಾಡಿದ್ದೆ. ಔರಾದದಿಂದ ಕಮಲನಗರ, ಹುಮನಾಬಾದದಿಂದ ಚಿಟಗುಪ್ಪ, ಬಸವಕಲ್ಯಾಣದಿಂದ ಹುಲಸೂರ ಹೊಸ ತಾಲ್ಲೂಕುಗಳಾದ ಮೇಲೆ ಅರ್ಧದಷ್ಟು ಊರು ತಪ್ಪು ಫೋಲ್ಡರಿನಲ್ಲಿ ಉಳಿದವು.

ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ತಾಲ್ಲೂಕುವಾರು ಸಂಖ್ಯೆ ಇದೆ. ಪರಿಷ್ಕೃತ ಆವೃತ್ತಿಯಲ್ಲಿ ಆ ಸಂಖ್ಯೆಗಳು ಬದಲಾಗಿವೆ. ಆದರೂ ಶಾಸನ ಕಳೆದುಹೋಗಲಿಲ್ಲ. ಹೊಸ ಸಂಖ್ಯೆಯ ಜೊತೆಗೆ ಹಳೆಯ ಸಂಖ್ಯೆಯನ್ನೂ ಕೊಟ್ಟರು. ಅರಸನ ಹೆಸರು, ಶಕ ವರ್ಷ, ಸಾಲುಗಳ ಎಣಿಕೆ, ಕಲ್ಲಿನ ಅಳತೆ ಇವೆಲ್ಲ ಶಾಸನದ ಜೊತೆಗೇ ಇರುವ ಗುರುತುಗಳು. ‘ಗೌಡರ ಮನೆಯ ಮುಂದಿನ ಕಲ್ಲು’ ಅನ್ನುವುದು ಗೌಡರು ಮನೆ ಬದಲಿಸುವವರೆಗೆ ಮಾತ್ರ.

ಈಗ ನಾನು ಮಾಡುತ್ತಿರುವುದು

ಪಟ್ಟಿಯನ್ನು ಡೆಸ್ಕ್‌ಟಾಪಿನಿಂದ ತೆಗೆದು ಚಿತ್ರಗಳಿರುವ ‘ಶಾಸನ’ ಫೋಲ್ಡರಿನ ಒಳಗೇ ಇಟ್ಟು, ಕೊಂಡಿಗಳನ್ನು ಹೊಸದಾಗಿ ಕೊಟ್ಟೆ. ಪಟ್ಟಿ ಒಂದು ಡ್ರೈವಿನಲ್ಲಿ, ಚಿತ್ರ ಇನ್ನೊಂದರಲ್ಲಿ ಇದ್ದರೆ ಎಕ್ಸೆಲ್ ಅಕ್ಷರ ಸಮೇತ ಪೂರ್ತಿ ದಾರಿ ಬರೆದುಕೊಳ್ಳುತ್ತದೆ. ಎರಡೂ ಒಂದೇ ಕಡೆ ಇದ್ದರೆ ಸಾಮಾನ್ಯವಾಗಿ ‘ಇಲ್ಲಿಂದ ಇಷ್ಟು ಒಳಗೆ’ ಅನ್ನುವ ಸಾಪೇಕ್ಷ ದಾರಿ ಸಾಕಾಗುತ್ತದೆ. ಆಗ ಫೋಲ್ಡರನ್ನು ಯಾವ ಡ್ರೈವಿಗೆ ಒಯ್ದರೂ ಕೊಂಡಿ ಮುರಿಯುವುದಿಲ್ಲ.

ಪ್ರತಿ ಫೈಲಿನ ಹೆಸರಿನಲ್ಲೇ ಊರು, ನನ್ನ ಕ್ರಮಸಂಖ್ಯೆ, ತೆಗೆದ ದಿನ ಮೂರೂ ಇರುತ್ತವೆ. ತಾಲ್ಲೂಕು ಇರುವುದಿಲ್ಲ. ಅದು ಪಟ್ಟಿಯ ಒಂದು ಕಾಲಮ್, ಬೇಕಾದಾಗ ತಿದ್ದಬಹುದು.

ಪ್ರತಿ ಡಿಸ್ಕಿಗೂ ಲೇಬಲ್ ಇದೆ. ಅದೇ ಹೆಸರನ್ನು ಚೀಟಿಯಲ್ಲಿ ಬರೆದು ಡಿಸ್ಕಿನ ಬೆನ್ನಿಗೂ ಅಂಟಿಸಿದ್ದೇನೆ. ಲೇಬಲ್ ಡಿಸ್ಕಿನ ಮೇಲೆಯೇ ಬರೆದಿರುತ್ತದೆ, ಯಾವ ಕಂಪ್ಯೂಟರಿಗೆ ಹಾಕಿದರೂ ಅದೇ ಕಾಣುತ್ತದೆ. ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಪರದೆಯ ಒಂದು ಫೋಟೊ ಮೊಬೈಲಿನಲ್ಲಿದೆ. ಬ್ಯಾಕಪ್ ಈಗ ಎರಡು. ಒಂದು ಊರಲ್ಲಿ ಅಣ್ಣನ ಮನೆಯಲ್ಲಿದೆ.

ಕೊನೆಯದಾಗಿ, ಆರು ತಿಂಗಳಿಗೊಮ್ಮೆ ಬ್ಯಾಕಪ್ ಡಿಸ್ಕನ್ನು ಬೇರೆ ಯಾರದಾದರೂ ಕಂಪ್ಯೂಟರಿಗೆ ಹಾಕಿ, ಪಟ್ಟಿಯಿಂದ ಹತ್ತು ಕೊಂಡಿ ಒತ್ತಿ ನೋಡುತ್ತೇನೆ. ಬ್ಯಾಕಪ್ ತೆಗೆದೆ ಅಂದುಕೊಳ್ಳುವುದು ಬೇರೆ, ಅದು ತೆರೆಯಿತು ಅನ್ನುವುದು ಬೇರೆ.

ಸಾಯಗಾಂವ ಕಡೆಯ ಆ 43 ಚಿತ್ರಗಳನ್ನು ಒಂದೊಂದಾಗಿ ತೆರೆದು ಎಣಿಸಿದ್ದೇನೆ, ಎಲ್ಲವೂ ಇವೆ. ಕೆಳಗಿನ ನಾಲ್ಕು ಸಾಲಿನಲ್ಲಿ ಎರಡು ಈಗ ಓದಲು ಬರುತ್ತಿವೆ, ಮೂರನೆಯದರಲ್ಲಿ ಒಂದು ಒತ್ತಕ್ಷರದ ಬಗ್ಗೆ ಅನುಮಾನ. ಚಿತ್ರ ಮತ್ತು ಪಾಠ ಮುಂದಿನ ಬರಹದಲ್ಲಿ ಹಾಕುತ್ತೇನೆ, ಓದಿ ತಿದ್ದಿ. ಆ ಊರಿಗೂ ಇನ್ನೊಮ್ಮೆ ಹೋಗುವುದಿದೆ. ದೊಡ್ಡದಾಗಿ ಅಚ್ಚು ಹಾಕಿಸಿದ ಒಂದು ಚಿತ್ರ ಒಯ್ದು ಕಟ್ಟೆಯ ಮೇಲಿನ ಹಿರಿಯರಿಗೆ ತೋರಿಸಬೇಕು. ಬಣ್ಣದ ಕೆಳಗೆ ಏನಿದೆ ಅಂತ ಅವರೂ ಒಮ್ಮೆ ನೋಡಲಿ.