ಬಿಸಿಲು ನಾಡಿನಲ್ಲಿ ಸೂರ್ಯನ ಲೆಕ್ಕದ ಪುಸ್ತಕ

ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ಕಡೆ ಬಿಸಿಲಿನ ಬಗ್ಗೆ ಒಳ್ಳೆಯ ಮಾತಾಡುವವರು ಸಿಗುವುದು ಅಪರೂಪ. ಶೇಂಗಾ ಬಿತ್ತಿದವರು ಮೋಡದ ದಾರಿ ಕಾಯುತ್ತಾರೆ. ಕಾವಲಿನಲ್ಲಿ ಕುರಿ ಬಿಟ್ಟವರು ಜಾಲಿಯ ನೆರಳು ಹುಡುಕುತ್ತಾರೆ. ಚಳ್ಳಕೆರೆ, ಮೊಳಕಾಲ್ಮುರು ಎರಡೂ ಮಳೆ ಕಡಿಮೆ ಬೀಳುವ ತಾಲ್ಲೂಕುಗಳು; ಬರಿ ಆಕಾಶ ನೋಡಿ ನಿಟ್ಟುಸಿರು ಬಿಡುವುದು ಇಲ್ಲಿನವರಿಗೆ ರೂಢಿಯಾಗಿಬಿಟ್ಟಿದೆ. ಆದರೆ ಅದೇ ಬರಿ ಆಕಾಶವನ್ನು ಬಂಡವಾಳ ಮಾಡಿಕೊಳ್ಳುವ ಹವ್ಯಾಸವೊಂದಿದೆ. ಅದಕ್ಕೆ ರಾತ್ರಿ ನಿದ್ದೆಗೆಡಬೇಕಿಲ್ಲ, ಊರ ಬೀದಿದೀಪಗಳಿಂದ ದೂರ ಓಡಬೇಕಿಲ್ಲ. ಬೆಳಗಿನ ಅರ್ಧ ಗಂಟೆ, ಒಂದು ಸಣ್ಣ ದೂರದರ್ಶಕ, ಒಂದು ನೋಟ್‌ಬುಕ್ಕು ಇದ್ದರೆ ಸಾಕು. ಸೂರ್ಯನ ಮೈಮೇಲೆ ಈ ಹೊತ್ತು ಏನಿದೆ ಎಂದು ನೋಡಿ ಬರೆದಿಡುವುದಷ್ಟೇ ಕೆಲಸ.

ಈ ಸೀಮೆಗೆ ವಿಜ್ಞಾನ ಹೊಸ ನೆಂಟನೇನಲ್ಲ. ನಾಯಕನಹಟ್ಟಿ ಹೋಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ. ವಿಜ್ಞಾನದ ಮೇಷ್ಟ್ರುಗಳಿಗೆ ಅಲ್ಲಿ ತರಬೇತಿ ನಡೆಯುತ್ತದೆ. ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೊದ ಮರುಬಳಕೆ ಉಡಾವಣಾ ವಾಹನ 2023 ಮತ್ತು 2024ರಲ್ಲಿ ಮೂರು ಸಲ ತಾನಾಗಿಯೇ ನೆಲಕ್ಕಿಳಿಯಿತು. ಅವೆಲ್ಲ ಬೇಲಿಯ ಒಳಗಿನ ವಿಜ್ಞಾನ. ಸೂರ್ಯನ ಮೈಮೇಲಿನ ಕಪ್ಪು ಕಲೆ ಎಣಿಸುವುದಕ್ಕೆ ಬೇಲಿಯೂ ಇಲ್ಲ, ಪಾಸೂ ಬೇಡ.

ಮೊದಲು ಕಣ್ಣು, ಆಮೇಲೆ ಸೂರ್ಯ

ಈ ವಿದ್ಯೆಯ ಮೊದಲ ಪಾಠ ಹೆದರಿಕೆಯದೇ. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ 2 ಮಿ.ಮೀ.ನಷ್ಟಕ್ಕೆ ಕುಗ್ಗಿರುತ್ತದೆ. 60 ಮಿ.ಮೀ. ಮಸೂರದ ಪುಟ್ಟ ದೂರದರ್ಶಕ ಅದರ 900 ಪಟ್ಟು ಬೆಳಕನ್ನು ಒಟ್ಟುಮಾಡಿ ಕಣ್ಣಿಗೆ ಸುರಿಯುತ್ತದೆ. ರೆಟಿನಾಕ್ಕೆ ನೋವು ತಿಳಿಯುವುದಿಲ್ಲ. ಸುಟ್ಟದ್ದು ಗೊತ್ತಾಗುವುದೇ ಕಣ್ಣು ಮಂಜಾದ ಮೇಲೆ. ಆದ್ದರಿಂದ ಬರಿಗಣ್ಣು, ಹೊಗೆ ಹಿಡಿಸಿದ ಗಾಜು, ಎಕ್ಸ್‌ರೇ ಫಿಲ್ಮು, ತಂಪು ಕನ್ನಡಕ ಯಾವುದೂ ಸಲ್ಲ.

ಸಲ್ಲುವ ದಾರಿಗಳು ಎರಡು. ಮೊದಲನೆಯದು ಬಿಂಬವನ್ನು ಕಾಗದದ ಮೇಲೆ ಬೀಳಿಸುವುದು. ದೂರದರ್ಶಕದೊಳಗೆ ಇಣುಕಲೇಬಾರದು. ನೆರಳು ನೋಡಿಕೊಂಡು ಕೊಳವೆಯನ್ನು ಸೂರ್ಯನತ್ತ ತಿರುಗಿಸಿ, ಕಣ್ಣಿಡುವ ಕಡೆಯ ಮಸೂರವಾದ ಐಪೀಸಿನಿಂದ ಒಂದಡಿ ಹಿಂದೆ ಬಿಳಿ ಕಾಗದ ಹಿಡಿದರೆ ಅಂಗೈಯಗಲದ ಸೂರ್ಯ ಅದರ ಮೇಲೆ ಬಂದು ಕೂರುತ್ತಾನೆ. ಮನೆಮಂದಿಯೆಲ್ಲ ಒಟ್ಟಿಗೆ ನೋಡಬಹುದು. 1612ರ ಹೊತ್ತಿಗೆ ಗೆಲಿಲಿಯೊ ಕಲೆಗಳ ಚಿತ್ರ ಬರೆದದ್ದೂ ಹೀಗೆಯೇ. ಈ ಉಪಾಯ ಹೇಳಿಕೊಟ್ಟವನು ಅವನ ಶಿಷ್ಯ ಕಾಸ್ಟೆಲ್ಲಿ. ಇದಕ್ಕೆ ಸಾದಾ ಮಸೂರದ ದೂರದರ್ಶಕವೇ ಆಗಬೇಕು. ಪ್ಲಾಸ್ಟಿಕ್ ಐಪೀಸು ಕರಗಿಹೋದೀತು.

ಎರಡನೆಯದು ಬಿಳಿ ಬೆಳಕಿನ ಫಿಲ್ಟರು. ಬೆಳಕಿನ ಲಕ್ಷದಲ್ಲಿ ಒಂದು ಪಾಲನ್ನು ಮಾತ್ರ ಒಳಗೆ ಬಿಡುವ, ಬೆಳ್ಳಿ ಬಣ್ಣದ ತೆಳು ಹಾಳೆ ಅದು. ಅದನ್ನು ದೂರದರ್ಶಕದ ಮುಂದಿನ ಬಾಯಿಗೆ, ಗಾಳಿಗೆ ಹಾರದಂತೆ ಬಿಗಿಯಾಗಿ ಕಟ್ಟಬೇಕು. ಐಪೀಸಿಗೆ ತಿರುಪಿ ಹಾಕುವ ಪುಟಾಣಿ ಸೂರ್ಯ ಫಿಲ್ಟರು ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕರೆ ಎಸೆದುಬಿಡಿ. ಕಾದು ಬಿರುಕು ಬಿಟ್ಟರೆ ಕಣ್ಣು ಹೋಯಿತು. ಪಕ್ಕದಲ್ಲಿರುವ ಸಣ್ಣ ಗುರಿದುರ್ಬೀನಿಗೆ ಮುಚ್ಚಳ ಹಾಕಿಡಬೇಕು. ಯಂತ್ರವನ್ನು ಬಿಸಿಲಿನಲ್ಲಿಟ್ಟು ಮಕ್ಕಳ ಕೈಗೆ ಬಿಟ್ಟು ಹೋಗಕೂಡದು.

ದೂರದರ್ಶಕವೇ ಇಲ್ಲದ ಶಾಲೆಗೆ ಮುಖ ನೋಡುವ ಕನ್ನಡಿ ಸಾಕು. ಕನ್ನಡಿಗೆ ರಟ್ಟು ಮುಚ್ಚಿ, ರಟ್ಟಿನಲ್ಲಿ 5 ಮಿ.ಮೀ. ತೂತು ಮಾಡಿ, ಅಂಗಳದಿಂದ 20 ಮೀಟರ್ ದೂರದ ಕತ್ತಲೆ ಕೋಣೆಯ ಗೋಡೆಗೆ ಬೆಳಕು ಹಾಯಿಸಿದರೆ ಗೇಣುದ್ದದ ಸೂರ್ಯಬಿಂಬ ಮೂಡುತ್ತದೆ. ಅದು ತುಸು ಮಸುಕು. ತೀರ ದೊಡ್ಡ ಕಲೆಯಿದ್ದರೆ ಮಾತ್ರ ಕಂಡೀತು. ಆದರೂ ಗೋಡೆಯ ಮೇಲೆ ಸೂರ್ಯ ನಿಧಾನಕ್ಕೆ ಸರಿಯುವುದನ್ನು ನೋಡಿದ ಮಗು, ಓಡುತ್ತಿರುವುದು ಭೂಮಿ ಎಂಬ ಪಾಠವನ್ನು ಬೇಗ ಮರೆಯುವುದಿಲ್ಲ.

ಕಾಣುವುದೇನು?

ಮೊದಲು ಕಣ್ಣಿಗೆ ಬೀಳುವುದು ಬಿಂಬದ ಅಂಚು. ನಡುವೆ ಬೆಳ್ಳಗೆ, ಅಂಚಿಗೆ ಹೋದಂತೆ ಮಂಕು. ಸೂರ್ಯ ತಟ್ಟೆಯಲ್ಲ, ಅನಿಲದ ಉಂಡೆ ಎಂಬುದಕ್ಕೆ ಇದೇ ಸಾಕ್ಷಿ. ಆಮೇಲೆ ಕಲೆಗಳು. ಒಂದೊಂದಕ್ಕೂ ಕಪ್ಪು ನಡುಭಾಗ, ಅದರ ಸುತ್ತ ಬೂದು ಬಣ್ಣದ ಅರೆನೆರಳು. ಕಪ್ಪು ಎಂದರೆ ಆರಿದ ಕೆಂಡವೇನಲ್ಲ. ಸುತ್ತಲಿನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಇದ್ದರೆ ಕಲೆಯ ನಡು ಅದಕ್ಕಿಂತ ಒಂದೂವರೆ ಸಾವಿರ ಡಿಗ್ರಿಗೂ ಹೆಚ್ಚು ತಣ್ಣಗಿರುತ್ತದೆ. ಪ್ರಬಲ ಕಾಂತಕ್ಷೇತ್ರ ಅಲ್ಲಿ ಒಳಗಿನ ಬಿಸಿ ಮೇಲೇರದಂತೆ ತಡೆಯುತ್ತದೆ. ಕಲೆಯೊಂದನ್ನೇ ಕಿತ್ತು ಆಕಾಶದಲ್ಲಿಟ್ಟರೆ ಅದೂ ಕಣ್ಣು ಕುಕ್ಕೀತು.

ಗಾತ್ರ ತಿಳಿಯಲು ಮನೆಯ ರಾಗಿ ಡಬ್ಬಿ ಸಾಕು. ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿ.ಮೀ., ಅಂದರೆ 109 ಭೂಮಿಗಳ ಸಾಲು. ಕಾಗದದ ಮೇಲೆ ಸೂರ್ಯನನ್ನು 15 ಸೆಂ.ಮೀ. ಅಗಲಕ್ಕೆ ಬರೆದರೆ ಭೂಮಿ 1.4 ಮಿ.ಮೀ., ಒಂದು ರಾಗಿ ಕಾಳಿನಷ್ಟು. ಬರೆದ ಕಲೆಯ ಮೇಲೆ ಕಾಳುಗಳನ್ನು ಜೋಡಿಸಿ ನೋಡಿ. ದೊಡ್ಡ ಗುಂಪಾದರೆ ಹತ್ತು ಕಾಳು ಸಾಲದೆ ಬರಬಹುದು.

ಅಂಚಿನ ಮಂಕಿನಲ್ಲಿ ಬಿಳಿ ತೇಪೆಗಳೂ ಕಾಣುತ್ತವೆ. ದೂರದರ್ಶಕ 10 ಸೆಂ.ಮೀ.ನದಾಗಿ ಗಾಳಿ ನಿಂತಿದ್ದರೆ ಮೈತುಂಬ ನುಚ್ಚು ಹರಡಿದಂತೆ ಕಣಗಳು ತೋರುತ್ತವೆ. ಮುದ್ದೆಗಿಟ್ಟ ಎಸರು ಕುದಿಯುವಂತೆ ಸೂರ್ಯನ ಅನಿಲ ಕುದಿಯುವುದೇ ಅದು. ಒಂದೊಂದು ಗುಳ್ಳೆ ಸಾವಿರ ಕಿ.ಮೀ. ಅಗಲ, ಆಯುಸ್ಸು ಹತ್ತು ನಿಮಿಷದ ಆಸುಪಾಸು.

ಗ್ರಹಣಕ್ಕೆ ಬಂದವರು, ನಿತ್ಯ ನೋಡಿದವರು

ಕನ್ನಡ ನಾಡಿಗೆ ಸೂರ್ಯನನ್ನು ನೋಡಲು ಜನ ಕಡಲು ದಾಟಿ ಬಂದಿದ್ದಾರೆ. 1868ರ ಆಗಸ್ಟ್ 18ರ ಪೂರ್ಣ ಗ್ರಹಣಕ್ಕೆ ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ಯಂತ್ರ ಹೂಡಿದ. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ ಈತ. ಮೋಡದ ಸಂದಿಯಲ್ಲಿ ಸೂರ್ಯನ ಅಂಚಿನ ಕೆಂಪು ಜ್ವಾಲೆಯತ್ತ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕ ಹಿಡಿದಾಗ ಅವನಿಗೆ ಕಂಡದ್ದು ಬಿಡಿಬಿಡಿಯಾದ ಹೊಳೆಯುವ ಗೆರೆಗಳು. ಅಂಥ ಗೆರೆ ಸೂಸುವುದು ಕಾದ ಅನಿಲ; ಹಾಗಾದರೆ ಆ ಜ್ವಾಲೆಯೂ ಕಾದು ಹೊಳೆಯುವ ಅನಿಲ ಎಂದಾಯಿತು. ಅದೇ ದಿನ ಗುಂಟೂರಿನಲ್ಲಿದ್ದ ಫ್ರಾನ್ಸಿನ ಜಾನ್ಸೆನ್‌ಗೆ ಆ ಗೆರೆಗಳ ಹೊಳಪು ನೋಡಿ, ಇವು ಗ್ರಹಣವಿಲ್ಲದಾಗಲೂ ಕಾಣಬೇಕಲ್ಲ ಎನ್ನಿಸಿತು. ಮರುದಿನವೇ ನೋಡಿದ, ಕಂಡವು. ಇಂಗ್ಲೆಂಡಿನಲ್ಲಿ ಲಾಕ್ಯರ್ ಅಕ್ಟೋಬರಿನಲ್ಲಿ ತಾನೇ ಆ ದಾರಿ ಕಂಡುಕೊಂಡ. 1871ರ ಡಿಸೆಂಬರ್ 12ರ ಗ್ರಹಣಕ್ಕೆ ಆ ಲಾಕ್ಯರ್‌ನ ತಂಡ ಬೀಡು ಬಿಟ್ಟದ್ದು ಕಾಸರಗೋಡಿನ ಬೇಕಲದಲ್ಲಿ, ಕೆಳದಿ ನಾಯಕರ ಕಾಲದ ಕೋಟೆಯಲ್ಲಿ.

ಆಮೇಲೆ 1980ರ ಫೆಬ್ರವರಿ 16ರ ಪೂರ್ಣ ಗ್ರಹಣಕ್ಕೆ ರಾಯಚೂರು ಜಿಲ್ಲೆಯ ಜವಳಗೇರಾ ವಿಜ್ಞಾನಿಗಳ ಬೀಡಾಯಿತು. 2019ರ ಡಿಸೆಂಬರ್ 26ರಂದು ಕಾಸರಗೋಡಿನ ಚೆರುವತ್ತೂರು, ಕೊಡಗಿನ ಕುಟ್ಟದ ಕಡೆ ಕಂಕಣ ಗ್ರಹಣದ ಬೆಂಕಿಬಳೆ ಕಂಡಿತು. ದಕ್ಷಿಣ ಭಾರತಕ್ಕೆ ಮತ್ತೊಂದು ಕಂಕಣ ಗ್ರಹಣ 2031ರ ಮೇ 21ಕ್ಕೆ.

ಅಲ್ಲಿಯವರೆಗೆ ಕಾಯಬೇಕೆ? ಬೇಡ ಎಂದು ತೋರಿಸಿಕೊಟ್ಟದ್ದು ಕೊಡೈಕನಾಲ್ ವೀಕ್ಷಣಾಲಯ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಈ ವೀಕ್ಷಣಾಲಯದಲ್ಲಿ ಸೂರ್ಯನ ಬಿಳಿ ಬೆಳಕಿನ ಚಿತ್ರ ತೆಗೆಯುವ ಪರಿಪಾಠ 1904ರಿಂದ ನಡೆದುಬಂದಿದೆ. ಅದಕ್ಕೆ ಬಳಸಿದ ದೂರದರ್ಶಕದ ಮಸೂರ 15 ಸೆಂ.ಮೀ.ನದು; 1850ರಲ್ಲಿ ಮದರಾಸಿಗೆ ಬಂದದ್ದು. ಇಂದಿನ ಹವ್ಯಾಸಿಯ ಮನೆಯ ಮಾಳಿಗೆಯ ಮೇಲೆ ಅದಕ್ಕಿಂತ ದೊಡ್ಡ ಯಂತ್ರ ಸಿಕ್ಕೀತು. ಕೊಡೈಕನಾಲಿನಲ್ಲಿ 1909ರಲ್ಲಿ ಕಲೆಯ ಅರೆನೆರಳಿನಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದ ಜಾನ್ ಎವರ್‌ಶೆಡ್, 1907ರಲ್ಲಿ ಭಾರತಕ್ಕೆ ಬರುವ ಮೊದಲು ಹವ್ಯಾಸಿಯೇ ಆಗಿದ್ದವರು. ಕಲೆಗಳು ಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಿ ಕುಗ್ಗುತ್ತವೆಂದು 1843ರಲ್ಲಿ ಸಾರಿದ ಶ್ವಾಬೆಯೂ ಹವ್ಯಾಸಿಯೇ, ಜರ್ಮನಿಯ ಔಷಧ ವ್ಯಾಪಾರಿ. ಹೊಸ ಗ್ರಹವೊಂದನ್ನು ಹುಡುಕುತ್ತ ಹದಿನೇಳು ವರ್ಷ ಸೂರ್ಯನನ್ನು ನೋಡಿದ. ಗ್ರಹ ಸಿಗಲಿಲ್ಲ, ಚಕ್ರ ಸಿಕ್ಕಿತು.

ಜಾನ್ಸೆನ್‌ನ ಉಪಾಯ ಇವತ್ತು ಅಂಗಡಿಯಲ್ಲೇ ಸಿಗುತ್ತದೆ. ಹೈಡ್ರೋಜನ್ನಿನ 656.3 ನ್ಯಾನೊಮೀಟರ್ ಕೆಂಪು ಬೆಳಕನ್ನಷ್ಟೇ ಬಿಡುವ ಎಚ್-ಆಲ್ಫಾ ದೂರದರ್ಶಕದಲ್ಲಿ, ಹರ್ಷೆಲ್ ಕೆಲವೇ ನಿಮಿಷ ಕಂಡ ಜ್ವಾಲೆಗಳನ್ನು ಯಾವ ದಿನ ಬೇಕಾದರೂ ನೋಡಬಹುದು. ಬಿಂಬದ ಮುಂದೆ ಬಂದಾಗ ಅವೇ ಜ್ವಾಲೆಗಳು ಕಪ್ಪು ದಾರದಂತೆ ಕಾಣುತ್ತವೆ. ಆದರೆ ಬೆಲೆ ಲಕ್ಷ ರೂಪಾಯಿಯನ್ನೂ ದಾಟುವುದುಂಟು. ಮನೆಗಿಂತ ಕಾಲೇಜಿಗೆ, ಸಂಘಕ್ಕೆ ಒಪ್ಪುವ ಯಂತ್ರ. ಆ ಮಂದ ಕೆಂಪು ಬಿಂಬ ನೋಡುವಾಗ ಸುತ್ತಲ ಬೆಳಕು ಕಣ್ಣಿಗೆ ತಾಗದಂತೆ ತಲೆಗೆ ಕಪ್ಪು ಬಟ್ಟೆ ಹೊದೆಯಬೇಕು. ಚಳ್ಳಕೆರೆಯಲ್ಲಿ ಬಟ್ಟೆ ಹುಡುಕಬೇಕೆ? ಕರಿ ಕಂಬಳಿಯ ಕೊಪ್ಪೆಗಿಂತ ಒಳ್ಳೆಯ ಕತ್ತಲೆ ಇಲ್ಲ. ಸೆಕೆಯಾದರೆ ತಾಳಿಕೊಳ್ಳಬೇಕು.

ಬಿಸಿಲ್ಗುದುರೆಯೂ ಕೆರೆ ಏರಿಯೂ

ಬಿಸಿಲಿದ್ದ ಮಾತ್ರಕ್ಕೆ ನೋಟ ಚೆನ್ನಾಗಿರುತ್ತದೆ ಎನ್ನುವಂತಿಲ್ಲ. ಟಾರು ರಸ್ತೆಯ ಮೇಲೆ ಬಿಸಿಲ್ಗುದುರೆ ಕುಣಿಸುವ ಬಿಸಿಗಾಳಿಯೇ ದೂರದರ್ಶಕದಲ್ಲಿ ಸೂರ್ಯನ ಅಂಚನ್ನೂ ಕುಣಿಸುತ್ತದೆ. ಆದ್ದರಿಂದ ನಡುಹಗಲು ಬೇಡ. ಹುಟ್ಟಿ ಒಂದೆರಡು ಗಂಟೆಯಾಗಿ, ಸೂರ್ಯ ತಕ್ಕಷ್ಟು ಮೇಲೇರಿದ್ದರೂ ನೆಲವಿನ್ನೂ ಕಾದಿರದ ಹೊತ್ತೇ ಸರಿ. ಸಿಮೆಂಟಿನ ತಾರಸಿ, ತಗಡಿನ ಮಾಡು ಬಿಟ್ಟು ಹುಲ್ಲಿನ ಮೇಲೆ ಅಥವಾ ನೀರಿನ ಬಳಿ ನಿಲ್ಲಬೇಕು. ನೀರು ನೆಲದಷ್ಟು ಬೇಗ ಕಾಯುವುದಿಲ್ಲ, ಅದರ ಮೇಲಿನ ಗಾಳಿ ಅಷ್ಟು ನಡುಗುವುದಿಲ್ಲ. ಉದಯಪುರದ ಸೌರ ವೀಕ್ಷಣಾಲಯವನ್ನು ಫತೇಸಾಗರ ಸರೋವರದ ನಡುಗಡ್ಡೆಯಲ್ಲಿ ಕಟ್ಟಿದ್ದು ಇದಕ್ಕಾಗಿಯೇ.

ನಾಯಕನಹಟ್ಟಿಗೆ ಆ ಸೌಕರ್ಯ ಹಿಂದೆಯೇ ಒದಗಿದೆ. ಈ ಸೀಮೆಯ ಕೆರೆಗಳನ್ನು ಕಟ್ಟಿಸಿದ ಪುಣ್ಯವನ್ನು ಜನ ಇಲ್ಲಿನ ಸಂತ ತಿಪ್ಪೇರುದ್ರಸ್ವಾಮಿಯ ಹೆಸರಿಗೆ ಬರೆಯುತ್ತಾರೆ. ನೀರಿದ್ದ ವರ್ಷ, ಬೆಳಗಿನ ಸೂರ್ಯ ನೀರಿನ ಮೇಲಿರುವಂತೆ ಏರಿಯ ಮೇಲೆ ಜಾಗ ಆರಿಸಿ ದೂರದರ್ಶಕ ಇಟ್ಟು ನೋಡಿ. ನೀರಿಲ್ಲದ ವರ್ಷ ಹುಲ್ಲುಗಾವಲಿದೆ. ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ನಡುವಿಗೆ ನಟ್ಟ ಕೋಲಿಗೆ ಮಧ್ಯಾಹ್ನ ನೆರಳೇ ಬೀಳದ ದಿನಗಳು ಇಲ್ಲಿ ಬರುತ್ತವೆ. ಶಾಲೆಯಲ್ಲಿ ಸೂರ್ಯನ ಪುಸ್ತಕ ತೆರೆಯಲು ಅದು ಒಳ್ಳೆಯ ನೆಪ.

ಪುಸ್ತಕ ಬರೆಯುವ ಬಗೆ

ಕೈವಾರದಲ್ಲಿ 15 ಸೆಂ.ಮೀ. ವೃತ್ತ ಎಳೆದುಕೊಳ್ಳಿ. ಬಿಂಬವನ್ನು ಅದರೊಳಗೆ ಕೂರಿಸಿ, ಯಂತ್ರವನ್ನು ಮುಟ್ಟದೆ ಬಿಡಿ. ಬಿಂಬ ಸರಿಯುವ ದಿಕ್ಕೇ ಪಶ್ಚಿಮ, ಅದನ್ನು ಗುರುತಿಸಿ. ಕಲೆಗಳನ್ನು ಇದ್ದಲ್ಲೇ ಚುಕ್ಕಿ ಹಾಕಿ. ದಿನಾಂಕ, ಹೊತ್ತು, ಗಾಳಿಯ ಸ್ಥಿತಿ ಬರೆಯಿರಿ. ನಾಲ್ಕಾರು ದಿನದ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ಕಲೆಗಳು ಪೂರ್ವದಿಂದ ಪಶ್ಚಿಮಕ್ಕೆ ನಡೆದದ್ದು ತಿಳಿಯುತ್ತದೆ. ಒಂದಂಚಿನಿಂದ ಇನ್ನೊಂದಂಚಿಗೆ ಸುಮಾರು ಹದಿಮೂರು ದಿನ. ಸೂರ್ಯ ತಿರುಗುತ್ತಾನೆ ಎಂಬುದನ್ನು ಪುಸ್ತಕದಿಂದಲ್ಲ, ನಿಮ್ಮ ಪೆನ್ಸಿಲಿನಿಂದಲೇ ಕಲಿತಂತಾಯಿತು.

ಲೆಕ್ಕದ ಸೂತ್ರ ಸುಲಭ. ಗುಂಪುಗಳನ್ನು ಹತ್ತರಿಂದ ಗುಣಿಸಿ, ಬಿಡಿ ಕಲೆಗಳನ್ನು ಕೂಡಿಸಿ. ಮೂರು ಗುಂಪಿನಲ್ಲಿ 14 ಕಲೆಗಳಿದ್ದರೆ ಆ ದಿನದ ಸಂಖ್ಯೆ 44. ಸ್ವಿಟ್ಜರ್ಲೆಂಡಿನ ವುಲ್ಫ್ ಹಾಕಿಕೊಟ್ಟ ಈ ಪದ್ಧತಿಯೇ ಇಂದಿಗೂ ನಡೆದಿದೆ. ಬೆಲ್ಜಿಯಂನ ರಾಜ ವೀಕ್ಷಣಾಲಯ ಪ್ರಪಂಚದ ಲೆಕ್ಕವನ್ನು ಒಟ್ಟುಮಾಡುವಾಗ ಹವ್ಯಾಸಿಗಳ ಎಣಿಕೆಯನ್ನೂ ಸೇರಿಸಿಕೊಳ್ಳುತ್ತದೆ. 2023ರ ಸೆಪ್ಟೆಂಬರ್ 2ರಂದು ಹೊರಟ ಇಸ್ರೊದ ಸೌರನೌಕೆ ಆದಿತ್ಯ-ಎಲ್1 ಈಗ ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿದ್ದು ಸೂರ್ಯನನ್ನು ನೋಡುತ್ತಿದೆ. ಆದರೂ ಪೆನ್ಸಿಲಿನ ಎಣಿಕೆ ನಿಂತಿಲ್ಲ. 400 ವರ್ಷದ ಹಳೆಯ ಲೆಕ್ಕಕ್ಕೆ ಹೊಸದನ್ನು ತಾಳೆ ಹಾಕಬೇಕಾದರೆ ಹಳೆಯ ರೀತಿಯಲ್ಲೇ ಎಣಿಸುವವರೂ ಬೇಕು.

ಈಗಿನ 25ನೇ ಸೌರಚಕ್ರ 2024ರಲ್ಲಿ ಏರುತುದಿ ಮುಟ್ಟಿತು. ಆ ವರ್ಷದ ಮೇ ತಿಂಗಳಲ್ಲಿ ಒಂದೇ ಕಲೆಗುಂಪಿನಿಂದ ಎದ್ದ ಸೌರಬಿರುಗಾಳಿಗಳಿಂದ ಲಡಾಖಿನ ಹಾನ್ಲೆಯ ಆಕಾಶವೂ ಕೆಂಪಾಯಿತು. ಇನ್ನು ಇಳಿಗಾಲ, ಒಂದೂ ಕಲೆಯಿಲ್ಲದ ದಿನಗಳು ಬರುತ್ತವೆ. ಹೊಸಬರು ಆಗ ಬೇಸರಪಟ್ಟು ಯಂತ್ರವನ್ನು ಪೆಟ್ಟಿಗೆಗೆ ಹಾಕಿಬಿಡುತ್ತಾರೆ. ಹಾಗೆ ಮಾಡಬಾರದು. 1645ರಿಂದ 1715ರವರೆಗೆ ಸೂರ್ಯನ ಮೇಲೆ ಕಲೆಗಳು ಅಪರೂಪವಾಗಿದ್ದವೆಂದು ಇಂದು ನಮಗೆ ಗೊತ್ತಿರುವುದು, ಏನೂ ಕಾಣದ ದಿನವೂ ನೋಡಿ ಬರೆದವರಿಂದ. ನೋಡಿ ಬರೆದಷ್ಟೇ ಫಲ; ಮಾಡಿದಷ್ಟು ನೀಡು ಭಿಕ್ಷೆ ಎಂಬ ತಿಪ್ಪೇರುದ್ರಸ್ವಾಮಿಯ ಮಾತನ್ನು ನಾಯಕನಹಟ್ಟಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಲೆಯಿಲ್ಲದ ದಿನ ಪುಟವನ್ನು ಖಾಲಿ ಬಿಡಬೇಡಿ. ದಿನಾಂಕ ಹಾಕಿ, ಸೊನ್ನೆ ಬರೆಯಿರಿ.