ಮಗುವಿನ ಉಸಿರಿಗೆ ಗಡಿ ತಿಳಿಯದು

2020ರ ಮಾರ್ಚ್ ತಿಂಗಳ ಕೊನೆಯ ವಾರ. ಮಂಜೇಶ್ವರದ ಕಡೆಯ ನಮ್ಮ ನೆರೆಮನೆಯಲ್ಲಿ ಎರಡೂವರೆ ವರ್ಷದ ಮಗುವೊಂದಕ್ಕೆ ಶೀತವಾಗಿತ್ತು. ಮೊದಲ ದಿನ ಮೂಗು ಸೋರಿತು, ಎರಡನೆಯ ದಿನ ಕೆಮ್ಮು ಹತ್ತಿತು, ಮೂರನೆಯ ರಾತ್ರಿ ದಮ್ಮು ಕಾಣಿಸಿಕೊಂಡಿತು. ಬೇರೆ ವರ್ಷವಾಗಿದ್ದರೆ ಆ ಮನೆಯವರು ಹೆಚ್ಚು ಯೋಚಿಸುತ್ತಿರಲಿಲ್ಲ. ರಿಕ್ಷಾ ಹಿಡಿದು ತಲಪಾಡಿ ದಾಟಿದರೆ ಸ್ವಲ್ಪ ಹೊತ್ತಿನಲ್ಲಿ ಮಂಗಳೂರಿನ ಮಕ್ಕಳ ವೈದ್ಯರ ಮುಂದೆ ಕುಳಿತಿರುತ್ತಿದ್ದರು. ಆದರೆ ಆ ವಾರ ತಲಪಾಡಿಯ ದಾರಿ ಮುಚ್ಚಿತ್ತು. ಒಳದಾರಿಗಳಿಗೂ ಮಣ್ಣಿನ ರಾಶಿ ಬಿದ್ದಿತ್ತು.

ಮನೆಯೊಳಗೂ ಒಂದು ಅಡ್ಡಗೋಡೆ ಎದ್ದಿತ್ತು. ಅದು ಭಯದ ಗೋಡೆ. ಆಸ್ಪತ್ರೆಗೆ ಹೋದರೆ ಇಲ್ಲದ ರೋಗ ಅಂಟೀತು, ಇದ್ದರೆ ತಾಯಿ ಮಗುವನ್ನು ಬೇರ್ಪಡಿಸಿಯಾರು, ಊರವರು ಮನೆಯತ್ತ ಬೆರಳು ತೋರಿಸಿಯಾರು ಎಂಬ ಆತಂಕ ಎಲ್ಲರಲ್ಲೂ ಇತ್ತು. “ಬೆಳಗಾಗಲಿ, ಮತ್ತೆ ನೋಡುವ” ಎಂದರು ಅಜ್ಜಿ. ತಾಯಿ ಮಗುವಿನ ಅಂಗಿ ಮೇಲೆತ್ತಿ ದೀಪದ ಬೆಳಕಿನಲ್ಲಿ ಎದೆಯನ್ನು ನೋಡಿದರು. ಕನ್ನಡ ಶಾಲೆಯಲ್ಲಿ ಆರನೆಯ ತರಗತಿ ಓದುತ್ತಿದ್ದ ಹಿರಿಯ ಮಗಳನ್ನು ಕರೆದು ಗಡಿಯಾರ ನೋಡಲು ಹೇಳಿದರು. ಆಶಾ ಕಾರ್ಯಕರ್ತೆಯೊಬ್ಬರು ಹಿಂದೊಮ್ಮೆ ಹೇಳಿಕೊಟ್ಟಂತೆ ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಿದರು. ಐವತ್ತೆರಡು. “ಅತ್ತೆ, ಇದು ಬರೇ ಶೀತ ಅಲ್ಲ. ಪಕ್ಕೆ ಒಳಗೆ ಹೋಗ್ತಾ ಉಂಟು” ಎಂದರು. ಚರ್ಚೆ ಅಲ್ಲಿಗೆ ಮುಗಿಯಿತು. 108ಕ್ಕೆ ಕರೆ ಹೋಯಿತು.

ಮಗುವನ್ನು ಕಾಸರಗೋಡಿನ ಕಡೆಯ ಸರಕಾರಿ ಆಸ್ಪತ್ರೆಗೆ ಒಯ್ದರು. ಆಮ್ಲಜನಕ, ದಮ್ಮಿನ ಔಷಧ, ಎರಡು ರಾತ್ರಿಯ ನಿಗಾ. ಮೂರನೆಯ ದಿನ ಮಗು ಗಂಜಿ ಕೇಳಿತು. ಬೆಳಗಿನ ತನಕ ಕಾದಿದ್ದರೆ ಏನಾಗುತ್ತಿತ್ತೆಂದು ಯಾರೂ ಹೇಳಲಾರರು. ಆದರೆ ಆ ಒಂದು ನಿಮಿಷದ ಎಣಿಕೆ ಏನು ಮಾಡಿತೆಂದು ಹೇಳಬಹುದು. ಅದು ಭಯವನ್ನು ಬದಿಗೆ ಸರಿಸಿ ನಿರ್ಧಾರಕ್ಕೊಂದು ಆಧಾರ ಒದಗಿಸಿತು.

ಮುಚ್ಚಿದ ದಾರಿ ಕಲಿಸಿದ್ದು

ನಮ್ಮ ಜಿಲ್ಲೆಯ ಉತ್ತರ ಭಾಗದವರಿಗೆ ಮಂಗಳೂರು ಪರರಾಜ್ಯದ ನಗರವಾಗಿ ತೋರಿದ್ದೇ ಇಲ್ಲ. ತಲಪಾಡಿಯಿಂದ ಮಂಗಳೂರಿಗೆ ಹದಿನೈದು ಕಿಲೋಮೀಟರಿನಷ್ಟು ದಾರಿ. ಪರಿಯಾರದ ವೈದ್ಯಕೀಯ ಕಾಲೇಜಿಗೆ ಮಂಜೇಶ್ವರದಿಂದ ಸುಮಾರು ನೂರು ಕಿಲೋಮೀಟರು. ಹೆರಿಗೆ, ಹೃದ್ರೋಗ, ಮಕ್ಕಳ ಕಾಯಿಲೆ ಎಲ್ಲಕ್ಕೂ ಹಿಂದಿನಿಂದಲೂ ಉತ್ತರದ ದಾರಿಯನ್ನೇ ಹಿಡಿದವರು ನಾವು. ಆ ದಾರಿ ಮುಚ್ಚಿದಾಗ ರೋಗಿಗಳು ಆಂಬುಲೆನ್ಸಿನಲ್ಲೇ ಹಿಂದಿರುಗಬೇಕಾಯಿತು. ಸಕಾಲಕ್ಕೆ ಚಿಕಿತ್ಸೆ ದೊರೆಯದೆ ಪ್ರಾಣಬಿಟ್ಟವರ ಸುದ್ದಿಗಳು ಒಂದರ ಹಿಂದೊಂದು ಬಂದವು.

ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ತುರ್ತು ಚಿಕಿತ್ಸೆಗೆ ಹೋಗುವವರಿಗೆ ಅಡ್ಡಿಯಾಗದಂತೆ ಹೆದ್ದಾರಿಯ ತಡೆಗಳನ್ನು ತೆರವುಗೊಳಿಸಬೇಕೆಂದು ಕೇರಳ ಉಚ್ಚ ನ್ಯಾಯಾಲಯವು 2020ರ ಏಪ್ರಿಲ್ 1ರಂದು ಕೇಂದ್ರ ಸರಕಾರಕ್ಕೆ ಆದೇಶಿಸಿತು. ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ತಲಪಾಡಿಯಲ್ಲಿ ರೋಗಿಗಳನ್ನು ಬಿಡುವ ಕ್ರಮದ ಕುರಿತು ಎರಡೂ ರಾಜ್ಯಗಳ ನಡುವೆ ಒಪ್ಪಂದವಾಗಿದೆಯೆಂದು ಏಪ್ರಿಲ್ 7ರಂದು ಕೇಂದ್ರವು ಅಲ್ಲಿ ತಿಳಿಸಿತು. ಅದೇ ದಿನಗಳಲ್ಲಿ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡದಲ್ಲಿ ಕೋವಿಡ್ ಆಸ್ಪತ್ರೆ ಆರಂಭವಾಯಿತು.

ಈ ಇತಿಹಾಸವನ್ನು ನೆನಪಿಸುವುದು ಯಾರ ಮೇಲೂ ಹಳೆಯ ಸಿಟ್ಟನ್ನು ಕೆರಳಿಸುವುದಕ್ಕಲ್ಲ. ದಾರಿ ಯಾವಾಗ ಮುಚ್ಚೀತೆಂದು ಹೇಳಲಾಗದು. ಆದ್ದರಿಂದ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಎಲ್ಲಿದೆ, ರಾತ್ರಿ ಹೊತ್ತು ಮಕ್ಕಳನ್ನು ನೋಡುವವರು ಎಲ್ಲಿದ್ದಾರೆ ಎಂಬುದನ್ನು ಮಗು ಆರೋಗ್ಯವಾಗಿರುವಾಗಲೇ ತಿಳಿದಿರಬೇಕು. ಅದೇ ನಾವು ಕಲಿಯಬೇಕಾದ ಪಾಠ.

ಭಯವೂ ಒಂದು ರೋಗ

ಆಸ್ಪತ್ರೆಯ ಭಯ ನಮಗೆ ಮಾತ್ರ ಇದ್ದುದಲ್ಲ. 2020ರ ಮಾರ್ಚಿನಲ್ಲಿ ಇಟಲಿಯ ಕೆಲವು ಆಸ್ಪತ್ರೆಗಳ ಮಕ್ಕಳ ತುರ್ತು ವಿಭಾಗಕ್ಕೆ ಬರುವವರ ಸಂಖ್ಯೆ ಹಿಂದಿನ ವರ್ಷಗಳಿಗಿಂತ ಶೇಕಡಾ 73ರಿಂದ 88ರಷ್ಟು ಕುಸಿಯಿತು. ತಡವಾಗಿ ಬಂದ ಹನ್ನೆರಡು ಮಕ್ಕಳ ವಿವರವನ್ನು ಅಲ್ಲಿನ ವೈದ್ಯರು ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರಲ್ಲಿ ನಾಲ್ವರು ಬದುಕುಳಿಯಲಿಲ್ಲ. ಕೊರೊನಾ ಸೋಂಕು ಹೆಚ್ಚಿನ ಮಕ್ಕಳಲ್ಲಿ ಸೌಮ್ಯವಾಗಿಯೇ ಹಾದುಹೋಯಿತು. ಆದರೆ ನ್ಯುಮೋನಿಯಾ, ಆಸ್ತಮಾ, ಹಸುಳೆಗಳ ಶ್ವಾಸನಾಳದ ಉರಿಯೂತ ಮುಂತಾದ ಹಳೆಯ ಕಾಯಿಲೆಗಳು ಮಹಾಮಾರಿ ಬಂದಿತೆಂದು ಊರು ಬಿಟ್ಟು ಹೋಗಿರಲಿಲ್ಲ.

ಲಸಿಕೆಯ ಕಥೆಯೂ ಇದೇ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 2 ಕೋಟಿ 30 ಲಕ್ಷ ಮಕ್ಕಳಿಗೆ ವಾಡಿಕೆಯ ಮೂಲ ಲಸಿಕೆಗಳು ಪೂರ್ಣವಾಗಿ ದೊರೆಯಲಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜಿಸಿದವು. ನ್ಯುಮೋನಿಯಾವನ್ನು ತಡೆಯುವ ನ್ಯುಮೊಕಾಕಲ್ ಲಸಿಕೆ 2021ರಲ್ಲಿ ದೇಶದೆಲ್ಲೆಡೆಯ ಉಚಿತ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. ಆರನೆಯ ವಾರ, ಹದಿನಾಲ್ಕನೆಯ ವಾರ ಮತ್ತು ಒಂಬತ್ತನೆಯ ತಿಂಗಳಲ್ಲಿ ಅದನ್ನು ಕೊಡಲಾಗುತ್ತದೆ. ಮನೆಯಲ್ಲಿ ಹಸುಳೆ ಇರುವವರು ಲಸಿಕೆಯ ಕಾರ್ಡನ್ನು ಇಂದೇ ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಎಣಿಸುವ ಬಗೆ

ಶೀತ, ಕೆಮ್ಮು ಬಂದಾಗಲೆಲ್ಲ ಆಸ್ಪತ್ರೆಗೆ ಓಡಬೇಕಾಗಿಲ್ಲ. ಮಗು ಆಡುತ್ತ, ಕುಡಿಯುತ್ತ, ಸುಲಭವಾಗಿ ಉಸಿರಾಡುತ್ತಿದ್ದರೆ ಮನೆಯ ಆರೈಕೆ ಸಾಕಾಗುತ್ತದೆ. ಯಾವುದು ಕಾಯಬಹುದು, ಯಾವುದು ಕಾಯಲಾರದು ಎಂಬುದನ್ನು ತಿಳಿಯಲು ಉಸಿರನ್ನು ಎಣಿಸಬೇಕು.

ಮಗು ಅಳದೆ ಶಾಂತವಾಗಿರುವಾಗ ಹೊಟ್ಟೆ, ಎದೆಯ ಮೇಲಿನ ಬಟ್ಟೆ ಸರಿಸಿ. ಎದೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡದೆ ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳಿಗಿಂತ ಚಿಕ್ಕ ಶಿಶುವಿನಲ್ಲಿ 60 ಅಥವಾ ಹೆಚ್ಚು, ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗುವಿನಲ್ಲಿ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗಿನ ಮಗುವಿನಲ್ಲಿ 40 ಅಥವಾ ಹೆಚ್ಚು ಉಸಿರು ಕಂಡರೆ ಅದು ವೇಗದ ಉಸಿರು. ತಡಮಾಡದೆ ವೈದ್ಯರಿಗೆ ತೋರಿಸಬೇಕು. ಜ್ವರದಿಂದಲೂ ಉಸಿರು ವೇಗವಾಗುವುದುಂಟು. ಆದರೆ ಕಾರಣ ಯಾವುದೆಂದು ತೀರ್ಮಾನಿಸುವ ಹೊಣೆ ವೈದ್ಯರದು, ನಮ್ಮದಲ್ಲ.

ಉಸಿರು ಎಳೆದುಕೊಳ್ಳುವಾಗ ಪಕ್ಕೆಯ ಕೆಳಭಾಗ ಒಳಗೆ ಕುಸಿಯುವುದು, ನರಳುವಂಥ ಸದ್ದು, ತುಟಿ ಅಥವಾ ನಾಲಗೆ ನೀಲಿಯಾಗುವುದು, ಮೊಲೆಹಾಲನ್ನಾಗಲಿ ನೀರನ್ನಾಗಲಿ ಕುಡಿಯಲಾಗದಿರುವುದು, ಎಬ್ಬಿಸಿದರೂ ಏಳದ ಮಂಪರು, ಅಪಸ್ಮಾರದಂಥ ಸೆಳೆತ – ಇವುಗಳಲ್ಲಿ ಒಂದು ಕಂಡರೂ ಬೆಳಗಿಗೆ ಕಾಯಬಾರದು. ಎರಡು ತಿಂಗಳೊಳಗಿನ ಶಿಶುವಿಗೆ ಜ್ವರ ಬಂದರೂ ಹಾಗೆಯೇ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಆಮ್ಲಜನಕ ಮಾಪಕವನ್ನೊಂದನ್ನೇ ನಂಬಬೇಡಿ. ದೊಡ್ಡವರ ಅಳತೆಯ ಆ ಉಪಕರಣ ಪುಟ್ಟ, ತಣ್ಣಗಿನ ಬೆರಳಿನಲ್ಲಿ ತಪ್ಪು ತೋರಿಸಬಹುದು.

ಶಾಲೆ ತೆರೆದ ಮೇಲೆ

ಕೇರಳದಲ್ಲಿ 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಗಳು 2021ರ ನವೆಂಬರ್ 1ರಂದು ಮತ್ತೆ ತೆರೆದವು. ಅನಂತರ ಮಕ್ಕಳಿಗೆ ಮೇಲಿಂದ ಮೇಲೆ ಶೀತ ಬಂದಾಗ ಅನೇಕ ತಾಯಂದಿರು ಗಾಬರಿಗೊಂಡರು. ಇದಕ್ಕೊಂದು ಕಾರಣವಿತ್ತು. ಮನೆಯಲ್ಲೇ ಉಳಿದು, ಮುಖಗವಸು ಧರಿಸಿದ ಕಾಲದಲ್ಲಿ ಕೊರೊನಾ ಮಾತ್ರವಲ್ಲ, ಶೀತ ತರುವ ಇತರ ವೈರಾಣುಗಳೂ ಮಕ್ಕಳನ್ನು ತಲುಪಿರಲಿಲ್ಲ. ಹಸುಳೆಗಳ ಎದೆಗೆ ಇಳಿಯುವ ಆರ್‌ಎಸ್‌ವಿ ಎಂಬ ವೈರಾಣು ಆಸ್ಟ್ರೇಲಿಯಾದಲ್ಲಿ 2020ರ ಚಳಿಗಾಲದಲ್ಲಿ ಬಹುಮಟ್ಟಿಗೆ ಕಾಣೆಯಾಗಿ, ವಾಡಿಕೆಯಿಲ್ಲದ ಬೇಸಗೆಯಲ್ಲಿ ಮರಳಿ ಬಂತು. ಎರಡು ವರ್ಷ ತಡವಾಗಿ ಬಂದ ಸೋಂಕುಗಳನ್ನು ಮಕ್ಕಳು ಒಟ್ಟಿಗೆ ಎದುರಿಸಬೇಕಾಯಿತು.

ದಮ್ಮಿನ ತೊಂದರೆಯಿರುವ ಮಕ್ಕಳಿಗೆ ಒಂದು ಮಾತು. ಇನ್‌ಹೇಲರ್ ಅಭ್ಯಾಸವಾಗಿಬಿಡುತ್ತದೆ ಎಂಬ ಅಂಜಿಕೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಔಷಧವನ್ನು ನೇರವಾಗಿ ಶ್ವಾಸನಾಳಕ್ಕೆ ಅಲ್ಪ ಪ್ರಮಾಣದಲ್ಲಿ ತಲುಪಿಸುವ ಸಾಧನವದು. ಸೋಂಕು ಗಾಳಿಯಲ್ಲಿ ಹರಡೀತೆಂಬ ಕಾರಣದಿಂದ ಕೋವಿಡ್ ಕಾಲದಲ್ಲಿ ವೈದ್ಯರು ನೆಬ್ಯುಲೈಸರ್‌ಗಿಂತ ಸ್ಪೇಸರ್ ಜೋಡಿಸಿದ ಇನ್‌ಹೇಲರನ್ನೇ ಮೇಲೆಂದರು. ವೈದ್ಯರು ಬರೆದುಕೊಟ್ಟ ಔಷಧವನ್ನು ಮಗು ಚೆನ್ನಾಗಿದೆಯೆಂದು ನಾವಾಗಿ ನಿಲ್ಲಿಸಬಾರದು.

ನಮ್ಮ ಮಾತಿನಲ್ಲಿ ಕೇಳೋಣ

ಕೊನೆಗೊಂದು ವಿಷಯ, ಅದು ನಮ್ಮಂಥವರದ್ದೇ. ಆಸ್ಪತ್ರೆಯ ಸೂಚನೆ ಮಲಯಾಳದಲ್ಲಿ, ಔಷಧದ ಚೀಟಿ ಇಂಗ್ಲಿಷಿನಲ್ಲಿ, ಮಗುವಿನ ತಾಯಿ ಓದಿದ್ದು ಕನ್ನಡದಲ್ಲಿ. ನಾಚಿಕೆಯಿಂದ ತಲೆಯಾಡಿಸಿ ಬಂದುಬಿಟ್ಟರೆ ಮನೆಯಲ್ಲಿ ಔಷಧದ ಅಳತೆ ತಪ್ಪುತ್ತದೆ. ಎಷ್ಟು, ದಿನಕ್ಕೆ ಎಷ್ಟು ಸಲ, ಎಷ್ಟು ದಿನ, ಏನು ಕಂಡರೆ ಮರಳಿ ಬರಬೇಕು – ಈ ನಾಲ್ಕು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಕನ್ನಡದಲ್ಲಿ ಬರೆದುಕೊಂಡೇ ಹೊರಡಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ನಮಗೆ ಕೊಟ್ಟಿದೆ. ಆರೋಗ್ಯ ಕೇಂದ್ರದ ಗೋಡೆಯಲ್ಲಿ ಕನ್ನಡದ ಸೂಚನಾಫಲಕ ಬೇಕೆಂದು ರಕ್ಷಕ ಶಿಕ್ಷಕ ಸಂಘಗಳು ಕನ್ನಡದಲ್ಲೇ ಮನವಿ ಬರೆಯಬಹುದು.

ಆ ರಾತ್ರಿ ಗಡಿಯಾರ ಹಿಡಿದು ನಿಂತ ಹುಡುಗಿ ಈಗ ಶಾಲೆಯ ಓದು ಮುಗಿಸಿದ್ದಾಳೆ. ತಮ್ಮ ಕನ್ನಡ ಶಾಲೆಯಲ್ಲೇ ದಿನವೂ ಗದ್ದಲವೆಬ್ಬಿಸುತ್ತಿದ್ದಾನೆ. ನಿಮಿಷ, ಸೆಕೆಂಡುಗಳ ಪಾಠ ಬರುವ ತರಗತಿಯಲ್ಲಿ ನಮ್ಮ ಅಧ್ಯಾಪಕರು ಒಂದು ದಿನ ಮಕ್ಕಳಿಂದ ಪರಸ್ಪರರ ಉಸಿರನ್ನು ಎಣಿಸಿಸಲಿ. ಲೆಕ್ಕದ ಪಾಠವೂ ಆದೀತು. ಎಂದೋ ಒಂದು ರಾತ್ರಿ ಯಾವುದೋ ಮನೆಯ ಕಿರಿಯ ಮಗುವಿಗೆ ಅದೇ ಲೆಕ್ಕ ಆಸರೆಯೂ ಆದೀತು.